ತೆರಿಗೆ ಮರುಪಾವತಿಯ ಮೇಲೆ ಮುಂಗಡ ಸಾಲ: ಸಣ್ಣ ವರ್ತಕರು ಅರಿತಿರಬೇಕಾದ ಲೆಕ್ಕ

ಮುಂಗಾರು ಆರಂಭದ ತಿಂಗಳುಗಳು ಹಾಸನ ಜಿಲ್ಲೆಯ ವ್ಯಾಪಾರಸ್ಥರಿಗೆ ಕೈ ಬಿಗಿಯಾಗುವ ಕಾಲ. ಜಲಂಧರದಿಂದ ಬಂದ ಬಿತ್ತನೆ ಆಲೂಗೆಡ್ಡೆಗೆ ಹಣ ಕಟ್ಟಬೇಕು. ಅರಕಲಗೂಡು ಕಡೆಯ ಹೊಗೆಸೊಪ್ಪು ಬೆಳೆಗಾರರಿಗೆ ಗೊಬ್ಬರ ಉದ್ದರಿ ಕೊಡಬೇಕು. ಗುತ್ತಿಗೆದಾರರು ಮಳೆ ಹಿಡಿಯುವ ಮುನ್ನ ಕಾಮಗಾರಿ ಮುಗಿಸಬೇಕು. ಆದಾಯ ತೆರಿಗೆ ರಿಟರ್ನ್ ಸಿದ್ಧಪಡಿಸುವುದೂ ಇದೇ ಅವಧಿಯಲ್ಲಿ. ಹಿಂದಿನ ವರ್ಷ ಮೂಲದಲ್ಲೇ ಕಡಿತವಾದ ತೆರಿಗೆ ಹಿಂದಕ್ಕೆ ಬರಬೇಕಾಗಿದೆ, ಆದರೆ ಇನ್ನೂ ಬಂದಿಲ್ಲ. ಇಂತಹ ಸಮಯದಲ್ಲಿ ರಿಟರ್ನ್ ತುಂಬಿಕೊಡುವವರೇ, "ನಿಮ್ಮ ರಿಫಂಡ್ ಬರುವವರೆಗೆ ಕಾಯುವುದೇಕೆ? ಹಣ ಈಗಲೇ ಕೊಡುತ್ತೇವೆ, ಬಂದ ಮೇಲೆ ಹಿಡಿದುಕೊಳ್ಳುತ್ತೇವೆ" ಎಂದರೆ ಅದು ಉಪಕಾರದಂತೆ ಕಾಣುವುದು ಸಹಜ.

ಈ ಬಗೆಯ ಮುಂಗಡವನ್ನು ಅಮೆರಿಕದಲ್ಲಿ ಮರುಪಾವತಿ ನಿರೀಕ್ಷಣಾ ಸಾಲ ಎಂದು ಕರೆಯುತ್ತಿದ್ದರು. ನಮ್ಮ ದೇಶದಲ್ಲಿ ಆ ಹೆಸರಿನ ಬ್ಯಾಂಕಿಂಗ್ ಪದ್ಧತಿ ಬೇರೂರಿಲ್ಲ. ಆದರೆ ಮರುಪಾವತಿಯ ಮೊತ್ತದಲ್ಲಿ ಇಂತಿಷ್ಟು ಪಾಲು ಎಂಬ ಕರಾರಿನ ಮೇಲೆ ರಿಟರ್ನ್ ಸಲ್ಲಿಸುವವರು ಇದ್ದಾರೆಂಬುದು ಆದಾಯ ತೆರಿಗೆ ಇಲಾಖೆಯ ತನಿಖೆಗಳಿಂದಲೇ ತಿಳಿದುಬಂದಿದೆ. ಪಾಲು ಮತ್ತು ಮುಂಗಡ ಇವೆರಡೂ ಒಂದೇ ಕೈಯಲ್ಲಿ ಸೇರಿದಾಗ ವರ್ತಕನಿಗೆ ಒದಗುವ ಅಪಾಯಗಳನ್ನೂ, ಅವನ್ನು ತಪ್ಪಿಸಿಕೊಳ್ಳುವ ಮಾರ್ಗಗಳನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆರಂಭದಲ್ಲಿಯೇ ಒಂದು ಸ್ಪಷ್ಟನೆ. ಇಲ್ಲಿ ಉಲ್ಲೇಖಿಸಿರುವ ಕಲಮುಗಳು 1961ರ ಆದಾಯ ತೆರಿಗೆ ಕಾಯಿದೆಯವು. 2026ರ ಏಪ್ರಿಲ್ 1ರಿಂದ ಆರಂಭಗೊಳ್ಳುವ ತೆರಿಗೆ ವರ್ಷಗಳಿಗೆ 2025ರ ಆದಾಯ ತೆರಿಗೆ ಕಾಯಿದೆ ಅನ್ವಯಿಸುತ್ತದೆ. ಅದರಲ್ಲಿ ಕಲಮುಗಳ ಸಂಖ್ಯೆ ಬೇರೆ. ಅದಕ್ಕೆ ಹಿಂದಿನ ವರ್ಷಗಳ ರಿಟರ್ನ್ ಮತ್ತು ಮರುಪಾವತಿಗೆ ಹಳೆಯ ಕಾಯಿದೆಯೇ ಆಧಾರ.

ಮರುಪಾವತಿ ಎಲ್ಲಿಂದ ಹುಟ್ಟುತ್ತದೆ?

ಮರುಪಾವತಿ ಸರ್ಕಾರ ಕೊಡುವ ಸಹಾಯಧನವಲ್ಲ. ತಾನು ಕೊಡಬೇಕಾದ್ದಕ್ಕಿಂತ ಹೆಚ್ಚು ಕಟ್ಟಿದ ತೆರಿಗೆಯನ್ನು ಮಾತ್ರ ವರ್ತಕನು ಹಿಂದಕ್ಕೆ ಪಡೆಯುತ್ತಾನೆ. ಆದ್ದರಿಂದ ಕಟ್ಟಿದ ತೆರಿಗೆ ಮತ್ತು ಅದರ ಮೇಲಿನ ಬಡ್ಡಿಯನ್ನು ಮೀರಿ ಒಂದು ರೂಪಾಯಿಯೂ ಬರುವುದು ಸಾಧ್ಯವಿಲ್ಲ.

ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳೋಣ. ಸಾಲಗಾಮೆ ಹೋಬಳಿಯ ಒಬ್ಬ ಸಣ್ಣ ಗುತ್ತಿಗೆದಾರರು ವರ್ಷದಲ್ಲಿ 60 ಲಕ್ಷ ರೂಪಾಯಿಗಳ ಕಾಮಗಾರಿ ಮಾಡಿ, ಪೂರ್ತಿ ಹಣವನ್ನು ಬ್ಯಾಂಕಿನ ಮೂಲಕವೇ ಪಡೆದಿದ್ದಾರೆ. 194ಸಿ ಕಲಮಿನ ಪ್ರಕಾರ ವ್ಯಕ್ತಿ ಗುತ್ತಿಗೆದಾರರಿಗೆ ಶೇ. 1ರಂತೆ 60,000 ರೂ. ಮೂಲದಲ್ಲಿ ಕಡಿತವಾಗಿದೆ. 44ಎಡಿ ಕಲಮಿನ ಅಂದಾಜು ಲಾಭದ ಪದ್ಧತಿಯಲ್ಲಿ ಬ್ಯಾಂಕ್ ಮೂಲಕ ಬಂದ ವಹಿವಾಟಿಗೆ ಶೇ. 6ರಂತೆ ಅವರ ಆದಾಯ 3,60,000 ರೂ. ಬೇರೆ ಆದಾಯವಿಲ್ಲವಾದರೆ ಹೊಸ ತೆರಿಗೆ ಪದ್ಧತಿಯಲ್ಲಿ ಅವರು ಕಟ್ಟಬೇಕಾದ ತೆರಿಗೆ ಸೊನ್ನೆ. ಆದ್ದರಿಂದ 60,000 ರೂ. ಪೂರ್ತಿಯಾಗಿ ಹಿಂದಕ್ಕೆ ಬರಬೇಕು.

ಇದರೊಡನೆ ಬಡ್ಡಿಯೂ ಸೇರುತ್ತದೆ. 244ಎ ಕಲಮಿನ ಪ್ರಕಾರ ಗಡುವಿನೊಳಗೆ ರಿಟರ್ನ್ ಸಲ್ಲಿಸಿದವರಿಗೆ ಕರನಿರ್ಧಾರಣಾ ವರ್ಷದ ಏಪ್ರಿಲ್ 1ರಿಂದ ತಿಂಗಳಿಗೆ ಶೇ. ಅರ್ಧದಂತೆ ಬಡ್ಡಿ ಸಲ್ಲುತ್ತದೆ. ತಡವಾಗಿ ಸಲ್ಲಿಸಿದವರಿಗೆ ಸಲ್ಲಿಸಿದ ದಿನದಿಂದ ಮಾತ್ರ. ಮೇಲಿನ ಗುತ್ತಿಗೆದಾರರಿಗೆ ಆಗಸ್ಟ್ ತಿಂಗಳಿನಲ್ಲಿ ಹಣ ಬಂದರೆ ಐದು ತಿಂಗಳಿಗೆ 1,500 ರೂ. ಬಡ್ಡಿ ದೊರೆಯುತ್ತದೆ. ಈ ಬಡ್ಡಿ ಮುಂದಿನ ವರ್ಷದ ಆದಾಯಕ್ಕೆ ಸೇರತಕ್ಕದ್ದು. ಮುಂಗಡ ಕೊಡುವವರು ಮರುಪಾವತಿಯನ್ನು ಇಡಿಯಾಗಿ ಬರೆಸಿಕೊಂಡರೆ ಈ ಬಡ್ಡಿಯೂ ಅವರ ಪಾಲಾಗುತ್ತದೆಂಬುದನ್ನು ಹಲವರು ಗಮನಿಸುವುದಿಲ್ಲ.

ಮುಂಗಡದ ನಿಜವಾದ ಬೆಲೆ

ಅದೇ ಗುತ್ತಿಗೆದಾರರಿಗೆ ಜುಲೈನಲ್ಲಿ ರಿಟರ್ನ್ ಸಲ್ಲಿಸಿದ ದಿನವೇ 50,000 ರೂ. ಕೊಟ್ಟು, 60,000 ರೂ. ಮರುಪಾವತಿ ಬಂದಾಗ ಪೂರ್ತಿ ಹಿಡಿದುಕೊಳ್ಳುವ ಕರಾರು ಆಯಿತೆಂದು ಇಟ್ಟುಕೊಳ್ಳೋಣ. "ಹತ್ತು ಸಾವಿರ ಸೇವಾ ಶುಲ್ಕ" ಎಂದರೆ ಕೇಳಲು ಹಗುರ. ಆದರೆ ಲೆಕ್ಕ ಬರೆದು ನೋಡಿದರೆ ಚಿತ್ರ ಬೇರೆಯಾಗುತ್ತದೆ.

ಮರುಪಾವತಿ ಒಂದು ತಿಂಗಳಲ್ಲಿ ಬಂದರೆ 50,000 ರೂ. ಸಾಲಕ್ಕೆ ತಿಂಗಳಿಗೆ 10,000 ರೂ. ಕೊಟ್ಟಂತಾಯಿತು. ಅಂದರೆ ತಿಂಗಳಿಗೆ ಶೇ. 20, ವರ್ಷಕ್ಕೆ ಸರಳ ಬಡ್ಡಿಯಲ್ಲಿ ಶೇ. 240. ಹತ್ತೇ ದಿನಗಳಲ್ಲಿ ಬಂದರೆ ವಾರ್ಷಿಕ ದರ ಶೇ. 730. ಆರು ತಿಂಗಳು ತಡವಾದರೂ ಶೇ. 40ಕ್ಕೆ ಕಡಿಮೆಯಿಲ್ಲ. ಇದೇ 50,000 ರೂಪಾಯಿಗಳನ್ನು ವರ್ಷಕ್ಕೆ ಶೇ. 12ರ ದರದಲ್ಲಿ ಬ್ಯಾಂಕಿನ ಓವರ್‌ಡ್ರಾಫ್ಟ್‌ನಿಂದ ತೆಗೆದಿದ್ದರೆ ಒಂದು ತಿಂಗಳ ಬಡ್ಡಿ 500 ರೂ. ಮಾತ್ರ.

ಇಲ್ಲಿ ಒಂದು ವಿಚಿತ್ರವನ್ನು ಕಾಣಬಹುದು. ಸರ್ಕಾರ ಎಷ್ಟು ಬೇಗ ಹಣ ಕೊಡುತ್ತದೆಯೋ ಮುಂಗಡ ಅಷ್ಟು ದುಬಾರಿಯಾಗುತ್ತದೆ. 2024ರ ಫೆಬ್ರವರಿ 1ರ ಮಧ್ಯಂತರ ಆಯವ್ಯಯ ಭಾಷಣದಲ್ಲಿ ತಿಳಿಸಿದಂತೆ, ರಿಟರ್ನ್ ಸಂಸ್ಕರಣೆಯ ಸರಾಸರಿ ಅವಧಿ 2013-14ರಲ್ಲಿ 93 ದಿನಗಳಿದ್ದದ್ದು ಆ ವರ್ಷ 10 ದಿನಗಳಿಗೆ ಇಳಿದಿತ್ತು. 2009ರಲ್ಲಿ ಆರಂಭಗೊಂಡ ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರ, ಅಂದರೆ ಸಿ.ಪಿ.ಸಿ., ಈ ಬದಲಾವಣೆಯ ಮುಖ್ಯ ಸಾಧನ. ಸರಾಸರಿ ಎಂದ ಮೇಲೆ ಎಲ್ಲರಿಗೂ ಹತ್ತು ದಿನ ಎಂದರ್ಥವಲ್ಲ. ಆದರೆ ಲೆಕ್ಕ ಸರಿಯಿರುವ ರಿಟರ್ನ್‌ಗೆ ಹಣ ಬೇಗ ಬರುವ ಸಂಭವವೇ ಹೆಚ್ಚು. ತಡವಾಗುವುದು ಹೆಚ್ಚಾಗಿ ಲೆಕ್ಕ ಹೊಂದದ ಕಡೆ. ಅಂತಹ ಕಡೆ ಸಾಲ ಮಾಡುವುದು ಇನ್ನೂ ಅಪಾಯ.

ಹೊರದೇಶಗಳ ಅನುಭವ

ಅಮೆರಿಕದಲ್ಲಿ ರಿಟರ್ನ್ ಸಿದ್ಧಪಡಿಸುವ ದೊಡ್ಡ ಸಂಸ್ಥೆಗಳು ಬ್ಯಾಂಕುಗಳೊಡನೆ ಸೇರಿ ಈ ಸಾಲವನ್ನು ದಶಕಗಳ ಕಾಲ ಮಾರಿದವು. ಸಾಲದ ಅವಧಿ ಸಾಮಾನ್ಯವಾಗಿ ಒಂದೆರಡು ವಾರ. ಕೊಳ್ಳುವವರು ಬಹುಪಾಲು ಕಡಿಮೆ ಸಂಬಳದ ಕುಟುಂಬಗಳು. ಸೈನಿಕರ ಕುಟುಂಬಗಳು ಇಂತಹ ಸಾಲಗಳಿಗೆ ಬಲಿಯಾಗುತ್ತಿರುವುದನ್ನು ಕಂಡು 2006ರಲ್ಲಿ ಮಾಡಿದ ಕಾನೂನಿನ ಮೂಲಕ, ಅವರಿಗೆ ಕೊಡುವ ಸಾಲಕ್ಕೆ ವಾರ್ಷಿಕ ಶೇ. 36ರ ಮಿತಿ ಹಾಕಲಾಯಿತು. 2007ರ ನಿಯಮಗಳು ಮರುಪಾವತಿ ಸಾಲವನ್ನೂ ಅದರಡಿ ತಂದವು. ತೆರಿಗೆದಾರನಿಗೆ ಹಳೆಯ ಬಾಕಿ ಇದೆಯೇ ಎಂಬುದನ್ನು ಅಲ್ಲಿನ ತೆರಿಗೆ ಇಲಾಖೆ ರಿಟರ್ನ್ ಸಲ್ಲಿಸುವವರಿಗೆ ತಿಳಿಸುತ್ತಿತ್ತು. 2011ರ ಋತುವಿನಿಂದ ಆ ಮಾಹಿತಿ ನಿಂತಿತು. ಬ್ಯಾಂಕ್ ನಿಯಂತ್ರಕರ ಒತ್ತಡವೂ ಸೇರಿ, 2012ರ ಋತುವಿನ ಬಳಿಕ ಬ್ಯಾಂಕುಗಳು ಹಳೆಯ ರೂಪದ ಈ ಸಾಲದಿಂದ ಹಿಂದೆ ಸರಿದವು.

ಕೆನಡ ದೇಶ ನಿಷೇಧಿಸುವ ಬದಲು ಮಿತಿ ಹಾಕಿತು. ಅಲ್ಲಿನ 1978ರ ಕಾನೂನಿನ ಪ್ರಕಾರ ಮರುಪಾವತಿಯನ್ನು ಮುಂಗಡವಾಗಿ ಕೊಳ್ಳುವವರು ಮೊದಲ 300 ಡಾಲರುಗಳಿಗೆ ಕನಿಷ್ಠ ಶೇ. 85 ಹಾಗೂ ಉಳಿದದ್ದಕ್ಕೆ ಕನಿಷ್ಠ ಶೇ. 95 ಭಾಗವನ್ನು ತೆರಿಗೆದಾರನಿಗೆ ಕೊಡಲೇಬೇಕು. ಬ್ರಿಟನ್ನಿನಲ್ಲಿ, ತೆರಿಗೆದಾರರು ತಿಳಿಯದೆಯೇ ಮರುಪಾವತಿಯ ಹಕ್ಕನ್ನು ಮಧ್ಯವರ್ತಿ ಕಂಪನಿಗಳಿಗೆ ಬರೆದುಕೊಟ್ಟ ದೂರುಗಳು ಹೆಚ್ಚಿದ ಕಾರಣ, 2023ರ ಮಾರ್ಚ್ 15ರಿಂದ ಮಾಡಿಕೊಂಡ ಅಂತಹ ಆದಾಯ ತೆರಿಗೆ ಹಕ್ಕು ವರ್ಗಾವಣೆಗಳಿಗೆ ಕಾನೂನಿನ ಬಲ ಇಲ್ಲವೆಂದು ಮಾಡಲಾಯಿತು.

ಮೂರೂ ದೇಶಗಳ ಕ್ರಮಗಳು ಬೇರೆಬೇರೆ. ಆದರೆ ರಿಟರ್ನ್ ಬರೆಯುವವನಿಗೂ ಮರುಪಾವತಿಯ ಮೊತ್ತಕ್ಕೂ ಇರುವ ಹಣದ ನಂಟು ಅಪಾಯಕಾರಿ ಎಂಬುದನ್ನು ಮೂರೂ ಕಡೆ ಮನಗಂಡಿದ್ದಾರೆ. ನಮ್ಮಲ್ಲಿಯೂ ಈ ತತ್ವ ಹೊಸದೇನಲ್ಲ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯಿದೆಯ ಮೊದಲ ಅನುಸೂಚಿಯ ಪ್ರಕಾರ, ನಿಯಮಗಳಲ್ಲಿ ಹೇಳಿರುವ ಕೆಲವು ಸಂದರ್ಭಗಳನ್ನು ಬಿಟ್ಟು, ಫಲಿತಾಂಶವನ್ನು ಅವಲಂಬಿಸಿದ ಶುಲ್ಕ ಪಡೆಯುವುದು ಲೆಕ್ಕಪರಿಶೋಧಕರಿಗೆ ವೃತ್ತಿ ದುರ್ನಡತೆ. ವಕೀಲರಿಗೂ ಬಾರ್ ಕೌನ್ಸಿಲ್ ನಿಯಮಗಳು ಮೊಕದ್ದಮೆಯ ಫಲದ ಮೇಲೆ ಶುಲ್ಕ ಗೊತ್ತುಪಡಿಸುವುದನ್ನು ನಿಷೇಧಿಸಿವೆ. 2006ರಲ್ಲಿ ಕೇಂದ್ರ ಸರ್ಕಾರ ತಂದ ತೆರಿಗೆ ರಿಟರ್ನ್ ಸಿದ್ಧಪಡಿಸುವವರ ಯೋಜನೆಯಲ್ಲಿ ತರಬೇತಿ ಪಡೆದವರು ತೆರಿಗೆದಾರರಿಂದ ಗರಿಷ್ಠ 250 ರೂ. ಮಾತ್ರ ಪಡೆಯಬಹುದಾಗಿತ್ತು. ಶೇಕಡಾವಾರು ಪಾಲು ಕೇಳುವವರು ಈ ಯಾವ ಶಿಸ್ತಿಗೂ ಒಳಪಟ್ಟವರಲ್ಲ ಎಂಬ ಅನುಮಾನ ಬರುವುದು ನ್ಯಾಯವೇ.

ಬೆಂಗಳೂರಿನ ಪ್ರಕರಣ ಕಲಿಸಿದ್ದು

2018ರ ಜನವರಿಯಲ್ಲಿ ಆದಾಯ ತೆರಿಗೆ ಇಲಾಖೆಯ ತನಿಖಾ ವಿಭಾಗವು ಬೆಂಗಳೂರಿನಲ್ಲಿ ಒಂದು ಜಾಲವನ್ನು ಪತ್ತೆಹಚ್ಚಿತು. ಹೆಸರಾಂತ ಮಾಹಿತಿ ತಂತ್ರಜ್ಞಾನ ಕಂಪನಿಗಳ ನೌಕರರು ಒಬ್ಬ ತೆರಿಗೆ ಸಲಹೆಗಾರನ ನೆರವಿನಿಂದ ಸುಳ್ಳು ಲೆಕ್ಕ ತೋರಿಸಿ ಮರುಪಾವತಿ ಪಡೆದಿದ್ದರೆಂಬುದು ಆರೋಪ. ಮನೆ ಆಸ್ತಿಯಿಂದ ನಷ್ಟವಾಗಿದೆಯೆಂಬ ಹುಸಿ ಬಾಬ್ತು ಇದಕ್ಕೆ ಬಳಕೆಯಾಗಿತ್ತು. ಸಿ.ಬಿ.ಐ. ಮೊಕದ್ದಮೆ ದಾಖಲಿಸಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಬೆಂಗಳೂರಿನ ಸಿ.ಪಿ.ಸಿ. ಪ್ರಕಟಣೆ ಹೊರಡಿಸಿ, ಮಧ್ಯವರ್ತಿಗಳ ಮಾತಿಗೆ ಮರುಳಾಗಿ ಆದಾಯವನ್ನು ಕಡಿಮೆ ತೋರಿಸಬಾರದು, ಕಡಿತಗಳನ್ನು ಹೆಚ್ಚಿಸಿ ತೋರಿಸಬಾರದು ಎಂದು ಸಂಬಳದಾರರನ್ನು ಎಚ್ಚರಿಸಿತು.

ಏಳು ವರ್ಷಗಳ ನಂತರವೂ ರೋಗ ವಾಸಿಯಾಗಿರಲಿಲ್ಲ. 2025ರ ಜುಲೈ 14ರಂದು ಇಲಾಖೆ ದೇಶದ 150 ಸ್ಥಳಗಳಲ್ಲಿ ಪರಿಶೀಲನೆ ನಡೆಸಿತು. ಕಮಿಷನ್ನಿಗಾಗಿ ಮರುಪಾವತಿಯನ್ನು ಉಬ್ಬಿಸುವ ಮಧ್ಯವರ್ತಿಗಳ ಸಂಘಟಿತ ಜಾಲಗಳಿವೆಯೆಂದು ತಿಳಿಸಿತು. ರಾಜಕೀಯ ದೇಣಿಗೆ, ವೈದ್ಯಕೀಯ ವಿಮೆ, ಶಿಕ್ಷಣ ಸಾಲದ ಬಡ್ಡಿ, ಮನೆ ಬಾಡಿಗೆ ಭತ್ಯೆ ಮುಂತಾದ ಬಾಬ್ತುಗಳು ದುರುಪಯೋಗವಾಗಿದ್ದವು. ಅದಕ್ಕೆ ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಮಂದಿ ತಮ್ಮ ರಿಟರ್ನ್ ತಿದ್ದಿಕೊಂಡು 1,045 ಕೋಟಿ ರೂ. ಸುಳ್ಳು ಕ್ಲೇಮುಗಳನ್ನು ಹಿಂದಕ್ಕೆ ಪಡೆದಿದ್ದರು.

ಆ ಪ್ರಕಟಣೆಯಲ್ಲಿ ವರ್ತಕರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಮಧ್ಯವರ್ತಿಗಳು ನೂರಾರು ರಿಟರ್ನ್ ಸಲ್ಲಿಸಲು ತಾತ್ಕಾಲಿಕ ಇ-ಮೇಲ್ ವಿಳಾಸಗಳನ್ನು ಸೃಷ್ಟಿಸಿ, ಕೆಲಸ ಮುಗಿದ ಬಳಿಕ ಅವನ್ನು ಬಿಟ್ಟುಬಿಡುತ್ತಿದ್ದರು. ಇಲಾಖೆ ಕಳುಹಿಸಿದ ನೋಟಿಸುಗಳನ್ನು ಓದುವವರೇ ಇರಲಿಲ್ಲ. ತೆರಿಗೆದಾರನಿಗೆ ವಿಷಯ ತಿಳಿಯುವ ವೇಳೆಗೆ ಉತ್ತರಿಸುವ ಗಡುವು ದಾಟಿರುತ್ತದೆ.

ಹೊಣೆ ಯಾರದು?

ರಿಟರ್ನ್ ಯಾರೇ ತುಂಬಿರಲಿ, ಅದರ ಹೊಣೆ ದೃಢೀಕರಿಸಿದ ತೆರಿಗೆದಾರನದು. ಇದನ್ನೂ ಲೆಕ್ಕದಲ್ಲಿಯೇ ನೋಡೋಣ.

ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಕೆಲಸದ ಘಟಕ ನಡೆಸುವ ಒಬ್ಬರು ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡಿದ್ದಾರೆಂದು ಊಹಿಸೋಣ. ಮೂಲದಲ್ಲಿ ಕಡಿತವಾದದ್ದು 1,00,000 ರೂ.; ನಿಜವಾದ ತೆರಿಗೆ 70,000 ರೂ.; ಸಲ್ಲಬೇಕಾದ ಮರುಪಾವತಿ 30,000 ರೂ. ರಿಟರ್ನ್ ತುಂಬುವವರು ಕೊಡದ ದೇಣಿಗೆಯನ್ನು ಬರೆದು ತೆರಿಗೆಯನ್ನು 20,000ಕ್ಕೆ ಇಳಿಸಿ 80,000 ರೂ. ಮರುಪಾವತಿ ತರಿಸುತ್ತಾರೆ. ಶೇ. 20ರ ಪಾಲಿನ ಕರಾರಿದ್ದರೆ ಅವರ ಆದಾಯ 6,000ದಿಂದ 16,000 ರೂಪಾಯಿಗೆ ಏರುತ್ತದೆ. ಘಟಕದ ಮಾಲೀಕರಿಗೆ ಹೆಚ್ಚುವರಿಯಾಗಿ ದಕ್ಕುವುದು 40,000 ರೂ.

ಸಿಕ್ಕಿಬಿದ್ದಾಗ? ತಪ್ಪಿಸಿದ 50,000 ರೂ. ತೆರಿಗೆಯನ್ನು ಬಡ್ಡಿ ಸಮೇತ ಕಟ್ಟಬೇಕು. 270ಎ ಕಲಮಿನ ಪ್ರಕಾರ ಆದಾಯ ಕಡಿಮೆ ತೋರಿಸಿದ್ದಕ್ಕೆ ತೆರಿಗೆಯ ಶೇ. 50, ಸುಳ್ಳು ವಿವರ ಕೊಟ್ಟಿದ್ದರೆ ಶೇ. 200 ದಂಡ. ಇಲ್ಲಿ ಅದು 1,00,000 ರೂ. ಅಂದರೆ 40,000 ರೂಪಾಯಿಗಳ ಲಾಭಕ್ಕೆ ಬಡ್ಡಿ ಬಿಟ್ಟು ಒಂದೂವರೆ ಲಕ್ಷ ತೆರಬೇಕು. ಪ್ರಾಸಿಕ್ಯೂಷನ್ ಸಾಧ್ಯತೆ ಬೇರೆ. ಹತ್ತು ಸಾವಿರ ಹೆಚ್ಚು ಪಡೆದ ಮಧ್ಯವರ್ತಿಯ ಹೆಸರು ರಿಟರ್ನ್‌ನಲ್ಲಿ ಎಲ್ಲಿಯೂ ಕಾಣದಿರಬಹುದು.

ಈಗಾಗಲೇ ಇಂತಹ ರಿಟರ್ನ್ ಸಲ್ಲಿಕೆಯಾಗಿದ್ದರೆ ಸರಿಪಡಿಸಿಕೊಳ್ಳಲು ಅವಕಾಶವಿದೆ. ಪರಿಷ್ಕೃತ ರಿಟರ್ನಿನ ಗಡುವು ಮುಗಿದಿದ್ದರೂ 139(8ಎ) ಕಲಮಿನ ನವೀಕೃತ ರಿಟರ್ನ್ ಸಲ್ಲಿಸಬಹುದು. 2025ರ ಹಣಕಾಸು ಕಾಯಿದೆ ಇದರ ಅವಧಿಯನ್ನು 24 ತಿಂಗಳಿನಿಂದ 48 ತಿಂಗಳಿಗೆ ಹೆಚ್ಚಿಸಿತು. ತೆರಿಗೆ ಮತ್ತು ಬಡ್ಡಿಯ ಮೇಲೆ ಮೊದಲ ವರ್ಷ ಶೇ. 25, ಎರಡನೆಯ ವರ್ಷ ಶೇ. 50, ಮೂರರಲ್ಲಿ ಶೇ. 60, ನಾಲ್ಕರಲ್ಲಿ ಶೇ. 70 ಹೆಚ್ಚುವರಿ ತೆರಿಗೆ ಕಟ್ಟಬೇಕು. ಇಲಾಖೆ ಪರಿಶೀಲನೆ ಆರಂಭಿಸಿದ ಮೇಲೆ ಈ ದಾರಿ ಮುಚ್ಚಬಹುದಾದ್ದರಿಂದ ವಿಳಂಬ ಸಲ್ಲದು. ಹೊಸದಾಗಿ ಮರುಪಾವತಿ ಕೇಳಲು ಮಾತ್ರ ನವೀಕೃತ ರಿಟರ್ನ್ ಬಳಸುವಂತಿಲ್ಲ.

ಒತ್ತೆಯಾಗಿ ಕೇಳುವ ವಸ್ತುಗಳು

ನಮ್ಮ ವ್ಯವಸ್ಥೆಯಲ್ಲಿ ಮರುಪಾವತಿಯು ಪ್ಯಾನ್ ಜೋಡಣೆಯಾಗಿ, ಪೋರ್ಟಲ್‌ನಲ್ಲಿ ಮುಂಚೆಯೇ ದೃಢೀಕರಣಗೊಂಡ ತೆರಿಗೆದಾರನ ಸ್ವಂತ ಖಾತೆಗೇ ಜಮೆಯಾಗುತ್ತದೆ. ಸಾಲ ಕೊಟ್ಟವನ ಖಾತೆಗೆ ನೇರವಾಗಿ ಹೋಗದು. ಇದು ಒಳ್ಳೆಯ ರಕ್ಷಣೆ. ಆದರೆ ಇದೇ ಕಾರಣಕ್ಕೆ ಮುಂಗಡ ಕೊಡುವವರು ಬೇರೆ ಬಗೆಯ ಹಿಡಿತ ಬಯಸುತ್ತಾರೆ. ಅವುಗಳಲ್ಲಿ ಮೂರು ಮುಖ್ಯ.

1. ಸಹಿ ಮಾಡಿದ ಖಾಲಿ ಚೆಕ್ಕು. "ಮೊತ್ತ ಬರೆದಿರಲಿಲ್ಲ" ಎಂಬ ವಾದ ನ್ಯಾಯಾಲಯದಲ್ಲಿ ಸುಲಭವಾಗಿ ನಿಲ್ಲದು. ಸ್ವಇಚ್ಛೆಯಿಂದ ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕಿಗೂ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 139ನೇ ಕಲಮಿನ ಪೂರ್ವಭಾವನೆ ಅನ್ವಯಿಸುತ್ತದೆಂದು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಬೀರ್ ಸಿಂಗ್ ವಿರುದ್ಧ ಮುಕೇಶ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಸಾಲ ಇರಲಿಲ್ಲವೆಂದು ತೋರಿಸುವ ಭಾರ ಸಹಿ ಮಾಡಿದವನ ಮೇಲೆ ಬೀಳುತ್ತದೆ.

2. ಪೋರ್ಟಲ್‌ನ ಪಾಸ್‌ವರ್ಡ್, ಮೊಬೈಲ್ ಸಂಖ್ಯೆ ಮತ್ತು ಇ-ಮೇಲ್. ಇವು ಬೇರೆಯವರದಾಗಿದ್ದರೆ ನೋಟಿಸು, ಓ.ಟಿ.ಪಿ. ಎಲ್ಲವೂ ಅವರ ಕೈಗೆ ಹೋಗುತ್ತವೆ.

3. ಪ್ರೋನೋಟು ಅಥವಾ ಬಾಂಡ್ ಕಾಗದ. ಇದರಲ್ಲಿ ಸಾಲದ ಮೊತ್ತವೆಂದು ಮರುಪಾವತಿಯ ಪೂರ್ತಿ ಮೊತ್ತವನ್ನೇ ಬರೆಸಿಕೊಂಡಿದ್ದರೆ ಕೈಗೆ ಬಂದದ್ದೆಷ್ಟು ಎಂಬುದಕ್ಕೆ ದಾಖಲೆ ಉಳಿಯುವುದಿಲ್ಲ.

ಮರುಪಾವತಿ ಬಾರದಿದ್ದರೂ ಸಾಲ ತೀರುವುದಿಲ್ಲ ಎಂಬುದು ಇವೆಲ್ಲಕ್ಕಿಂತ ದೊಡ್ಡ ಸಂಗತಿ. ಹಳೆಯ ವರ್ಷದ ಯಾವುದೋ ತೆರಿಗೆ ಬೇಡಿಕೆ ಬಾಕಿಯಿದ್ದರೆ 245ನೇ ಕಲಮಿನ ಪ್ರಕಾರ ಇಲಾಖೆ ಮರುಪಾವತಿಯನ್ನು ಅದಕ್ಕೆ ವಜಾ ಹಾಕಿಕೊಳ್ಳಬಹುದು. ಆಗ ಬರುವ ಹಣ ಸೊನ್ನೆ. ತೀರಿಸಬೇಕಾದ ಸಾಲ ಪೂರ್ತಿ.

ಹಣ ಸಾಲ ಕೊಡುವುದನ್ನೇ ವ್ಯವಹಾರವಾಗಿ ನಡೆಸುವವರಿಗೆ 1961ರ ಕರ್ನಾಟಕ ಲೇವಾದೇವಿಗಾರರ ಅಧಿನಿಯಮದಡಿ ಪರವಾನಗಿ ಬೇಕು. ಮೀಟರ್ ಬಡ್ಡಿಯಂತಹ ವಸೂಲಿಗೆ 2004ರ ಕರ್ನಾಟಕ ವಿಪರೀತ ಬಡ್ಡಿ ವಿಧಿಸುವಿಕೆ ನಿಷೇಧ ಅಧಿನಿಯಮ ಅನ್ವಯಿಸುತ್ತದೆ. ನೋಂದಣಿಯಿಲ್ಲದ ಸಾಲದಾತರ ಬಲವಂತದ ವಸೂಲಿಯನ್ನು ತಡೆಯಲು ರಾಜ್ಯವು 2025ರ ಫೆಬ್ರವರಿಯಲ್ಲಿ ಅಧ್ಯಾದೇಶವನ್ನೂ ತಂದಿತು. ರಿಟರ್ನ್ ತುಂಬುವ ಅಂಗಡಿಯ ಫಲಕ ಸಾಲ ಕೊಡುವ ಪರವಾನಗಿಯಲ್ಲ ಎಂಬುದನ್ನು ನೆನಪಿಡತಕ್ಕದ್ದು.

ಮರುಪಾವತಿ ತಡವಾಗುವುದೇಕೆ?

ಸಾಲಕ್ಕೆ ಮುನ್ನ ಹಣ ಏಕೆ ನಿಂತಿದೆ ಎಂದು ಕೇಳಬೇಕು. ಉತ್ತರ ಸಾಮಾನ್ಯವಾಗಿ ಕೆಳಗಿನವುಗಳಲ್ಲಿ ಒಂದಾಗಿರುತ್ತದೆ.

ಮೊದಲನೆಯದು, ಕಡಿತ ಮಾಡಿದವರು ತಮ್ಮ ತ್ರೈಮಾಸಿಕ ವಿವರ ಸಲ್ಲಿಸದಿರುವುದು ಅಥವಾ ಪ್ಯಾನ್ ತಪ್ಪಾಗಿ ನಮೂದಿಸಿರುವುದು. ಜನವರಿಯಿಂದ ಮಾರ್ಚ್‌ವರೆಗಿನ ವಿವರವನ್ನು ಮೇ 31ರೊಳಗೆ ಸಲ್ಲಿಸಬೇಕು. ಸಲ್ಲಿಸದವರಿಗೆ 234ಇ ಕಲಮಿನಡಿ ದಿನಕ್ಕೆ 200 ರೂ. ಶುಲ್ಕ ಬೀಳುತ್ತದೆ. ಪಂಚಾಯಿತಿ, ಇಲಾಖೆ ಅಥವಾ ಖಾಸಗಿ ಕಂಪನಿ ಯಾವುದೇ ಇರಲಿ, ಜೂನ್‌ನಲ್ಲಿ 26ಎಎಸ್ ನಮೂನೆಯನ್ನು ತೆಗೆದು ನಿಮ್ಮ ಬಿಲ್ಲುಗಳೊಡನೆ ತಾಳೆ ನೋಡಿ, ವ್ಯತ್ಯಾಸವಿದ್ದರೆ ಲಿಖಿತವಾಗಿ ಕೇಳಬೇಕು. 26ಎಎಸ್‌ನಲ್ಲಿ ಕಾಣದ ಮೊತ್ತವನ್ನು ರಿಟರ್ನ್‌ನಲ್ಲಿ ಕೇಳಿದರೆ ಹಣ ನಿಲ್ಲುವ ಸಂಭವ ಹೆಚ್ಚು.

ಎರಡನೆಯದು ಬ್ಯಾಂಕ್ ಖಾತೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನೊಡನೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡದೊಡನೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನೊಡನೆ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿನೊಡನೆ ವಿಲೀನವಾದವು. ಈ ಬ್ಯಾಂಕುಗಳ ಹಳೆಯ ಗ್ರಾಹಕರು ನಮ್ಮ ಜಿಲ್ಲೆಯಲ್ಲಿ ಬಹಳ. ಪೋರ್ಟಲ್‌ನಲ್ಲಿ ಹಳೆಯ ಐ.ಎಫ್.ಎಸ್. ಕೋಡ್ ಉಳಿದಿದ್ದರೆ ಅಥವಾ ಪ್ಯಾನ್‌ನ ಹೆಸರಿಗೂ ಖಾತೆಯ ಹೆಸರಿಗೂ ವ್ಯತ್ಯಾಸವಿದ್ದರೆ ಹಣ ಜಮೆಯಾಗದು. ವಿವರ ಸರಿಪಡಿಸಿ ಮರುಬಿಡುಗಡೆಗೆ ಕೋರಿಕೆ ಸಲ್ಲಿಸಿದರೆ ಸಾಕು. ಇದಕ್ಕೆ ಯಾವ ಕಮಿಷನ್ನೂ ಬೇಕಿಲ್ಲ.

ಮೂರನೆಯದು ದೃಢೀಕರಣ. 2022ರ ಆಗಸ್ಟ್ 1ರಿಂದ ರಿಟರ್ನ್ ಸಲ್ಲಿಸಿದ 30 ದಿನಗಳೊಳಗೆ ದೃಢೀಕರಿಸಬೇಕಾಗಿದೆ. ದೃಢೀಕರಣವಾಗದ ರಿಟರ್ನ್ ಸಂಸ್ಕರಣೆಗೇ ಹೋಗದು.

ಹಿಂದಿನ ವರ್ಷಗಳ ಮರುಪಾವತಿಯನ್ನು ಕೇಳದೆ ಬಿಟ್ಟಿರುವವರೂ ಉಂಟು. ನೈಜ ಕಾರಣವಿದ್ದಲ್ಲಿ 119(2)(ಬಿ) ಕಲಮಿನಡಿ ವಿಳಂಬ ಮನ್ನಾ ಕೋರಬಹುದು. ಕೇಂದ್ರ ನೇರ ತೆರಿಗೆ ಮಂಡಳಿಯ 2024ರ ಅಕ್ಟೋಬರ್ 1ರ ಸುತ್ತೋಲೆಯ ಪ್ರಕಾರ, ಕರನಿರ್ಧಾರಣಾ ವರ್ಷ ಮುಗಿದ ಐದು ವರ್ಷಗಳೊಳಗೆ ಅರ್ಜಿ ಸಲ್ಲಬೇಕು.

ಜಿ.ಎಸ್.ಟಿ. ಮರುಪಾವತಿಯಲ್ಲಿ

ತೆಂಗಿನ ನಾರಿನ ಉತ್ಪನ್ನ, ಕಾಫಿ, ಸಿದ್ಧ ಉಡುಪು ರಫ್ತು ಮಾಡುವ ಸದಸ್ಯರಿಗೆ ಮರುಪಾವತಿಯ ಮೊತ್ತ ಇನ್ನೂ ದೊಡ್ಡದು. ಮುಚ್ಚಳಿಕೆ ಬರೆದುಕೊಟ್ಟು ತೆರಿಗೆಯಿಲ್ಲದೆ ರಫ್ತು ಮಾಡಿದವರು ಹೂಡುವಳಿ ತೆರಿಗೆಯನ್ನು ಹಿಂದಕ್ಕೆ ಪಡೆಯಲು ಆರ್.ಎಫ್.ಡಿ.-01 ನಮೂನೆಯಲ್ಲಿ ಎರಡು ವರ್ಷಗಳೊಳಗೆ ಅರ್ಜಿ ಸಲ್ಲಿಸಬೇಕು. ಅಧಿಕಾರಿಗಳು 15 ದಿನಗಳಲ್ಲಿ ಸ್ವೀಕೃತಿ ಅಥವಾ ನ್ಯೂನತಾ ಪತ್ರ ಕೊಡಬೇಕು. ಸ್ವೀಕೃತಿಯಾದ ಏಳು ದಿನಗಳಲ್ಲಿ ಶೇ. 90ರಷ್ಟನ್ನು ತಾತ್ಕಾಲಿಕವಾಗಿ ಬಿಡುಗಡೆ ಮಾಡಲು 91ನೇ ನಿಯಮದಲ್ಲಿ ಅವಕಾಶವಿದೆ. ಅರವತ್ತು ದಿನ ಮೀರಿದರೆ ಶೇ. 6 ಬಡ್ಡಿ ಸಲ್ಲುತ್ತದೆ.

ಮೂರು ಲಕ್ಷದ ಮರುಪಾವತಿಯಲ್ಲಿ 2,70,000 ರೂ. ಬೇಗ ಬರುವುದಾದರೆ, ಪೂರ್ತಿ ಮೂರು ಲಕ್ಷದ ಮೇಲೆ ಕಮಿಷನ್ ಕೊಟ್ಟು ಮುಂಗಡ ತೆಗೆಯುವುದರಲ್ಲಿ ಅರ್ಥವಿಲ್ಲ. ನ್ಯೂನತಾ ಪತ್ರ ಬಂದರೆ ಅರ್ಜಿಯನ್ನು ಹೊಸದಾಗಿ ಹಾಕಬೇಕಾಗುವುದರಿಂದ ಶಿಪ್ಪಿಂಗ್ ಬಿಲ್ಲು, ಇನ್‌ವಾಯ್ಸ್, ಬ್ಯಾಂಕ್ ಹಣ ಸ್ವೀಕೃತಿ ಪತ್ರಗಳನ್ನು ಮೊದಲೇ ತಾಳೆ ನೋಡಿಡುವುದೇ ಕಾಲ ಉಳಿಸುವ ಉಪಾಯ.

ಸರ್ಕಾರಿ ಗುತ್ತಿಗೆದಾರರಿಗೆ ಇನ್ನೊಂದು ಮಾತು. ಎರಡೂವರೆ ಲಕ್ಷ ಮೀರಿದ ಗುತ್ತಿಗೆಗಳಲ್ಲಿ ಜಿ.ಎಸ್.ಟಿ. ಅಡಿ ಕಡಿತವಾಗುವ ಶೇ. 2 ನಿಮ್ಮ ಎಲೆಕ್ಟ್ರಾನಿಕ್ ನಗದು ಖಾತೆಗೆ ಜಮೆಯಾಗುತ್ತದೆ. ಪೋರ್ಟಲ್‌ನಲ್ಲಿ ಅದನ್ನು ಅಂಗೀಕರಿಸಿದರೆ ಮುಂದಿನ ತೆರಿಗೆಗೆ ಬಳಸಬಹುದು.

ಹಣ ಕೂಡಲೇ ಬೇಕಿದ್ದರೆ

ಮರುಪಾವತಿಯೇ ಹುಟ್ಟದಂತೆ ನೋಡಿಕೊಳ್ಳುವುದು ಮೊದಲ ಮಾರ್ಗ. ತೆರಿಗೆ ಬಾಧ್ಯತೆಯಿಲ್ಲದ ಅಥವಾ ಕಡಿಮೆಯಿರುವ ಗುತ್ತಿಗೆದಾರರು 197ನೇ ಕಲಮಿನಡಿ ಕಡಿಮೆ ದರದ ಇಲ್ಲವೇ ಶೂನ್ಯ ಕಡಿತದ ಪ್ರಮಾಣಪತ್ರಕ್ಕೆ ವರ್ಷದ ಆರಂಭದಲ್ಲಿಯೇ ಅರ್ಜಿ ಹಾಕಬಹುದು. ಹತ್ತು ಅಥವಾ ಅದಕ್ಕಿಂತ ಕಡಿಮೆ ಸರಕು ವಾಹನಗಳ ಮಾಲೀಕರು ಪ್ಯಾನ್ ಸಹಿತ ಘೋಷಣೆ ಕೊಟ್ಟರೆ 194ಸಿ(6)ರ ಪ್ರಕಾರ ಬಾಡಿಗೆಯಲ್ಲಿ ಕಡಿತವೇ ಆಗದು.

ಎರಡನೆಯದು ಬ್ಯಾಂಕ್ ಮಾರ್ಗ. ಮುದ್ರಾ ಯೋಜನೆಯಲ್ಲಿ ಶಿಶು ವರ್ಗಕ್ಕೆ 50,000, ಕಿಶೋರ ವರ್ಗಕ್ಕೆ 5 ಲಕ್ಷ, ತರುಣ ವರ್ಗಕ್ಕೆ 10 ಲಕ್ಷ ರೂಪಾಯಿಗಳವರೆಗೆ ಒತ್ತೆಯಿಲ್ಲದ ಸಾಲವಿದೆ. ತರುಣ ಸಾಲ ಪಡೆದು ಸರಿಯಾಗಿ ತೀರಿಸಿದವರಿಗೆ 2024ರಿಂದ 20 ಲಕ್ಷದವರೆಗೂ ಅವಕಾಶವಾಗಿದೆ. ಓವರ್‌ಡ್ರಾಫ್ಟ್ ಮಿತಿಯನ್ನು ಹಣ ಬೇಕಾದ ದಿನ ಕೇಳುವುದಕ್ಕಿಂತ, ವಹಿವಾಟು ಚೆನ್ನಾಗಿರುವ ತಿಂಗಳಲ್ಲಿ ಮಂಜೂರು ಮಾಡಿಸಿಟ್ಟುಕೊಳ್ಳುವುದು ಜಾಣತನ.

ಮೂರನೆಯದು ಬಾಕಿ ವಸೂಲಿ. ಉದ್ಯಮ್ ನೋಂದಣಿಯಿರುವ ಅತಿ ಸಣ್ಣ ಮತ್ತು ಸಣ್ಣ ಉತ್ಪಾದಕರ ಬಿಲ್ಲನ್ನು, ಲಿಖಿತ ಕರಾರಿದ್ದರೂ, ಖರೀದಿದಾರರು 45 ದಿನಗಳೊಳಗೆ ತೀರಿಸಬೇಕೆಂದು 2006ರ ಎಂ.ಎಸ್.ಎಂ.ಇ.ಡಿ. ಕಾಯಿದೆ ಹೇಳುತ್ತದೆ, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೊಡ್ಡ ಕಂಪನಿಗಳ ಮೇಲಿನ ಬಿಲ್ಲುಗಳನ್ನು ಟ್ರೆಡ್ಸ್ ವೇದಿಕೆಗಳಲ್ಲಿ ವಟ್ಟ ಹಾಕಿ ಹಣ ಪಡೆಯಬಹುದು. ಮರುಪಾವತಿಯ 60,000 ರೂಪಾಯಿಗೆ ಸಾಲ ಹುಡುಕುವ ಅನೇಕರ ಹೊರಬಾಕಿ ಅದರ ಹಲವು ಪಟ್ಟು ಇರುತ್ತದೆ.

ಸಹಿಗೆ ಮುನ್ನ

ರಿಟರ್ನ್ ತುಂಬಲು ಕೊಡುವ ಪ್ರತಿಯೊಬ್ಬ ಸದಸ್ಯರೂ ಈ ಐದು ನಿಯಮಗಳನ್ನು ಪಾಲಿಸಲು ಕೋರಲಾಗಿದೆ.

1. ಶುಲ್ಕವನ್ನು ಕೆಲಸಕ್ಕೆ ಇಷ್ಟೆಂದು ಗೊತ್ತುಮಾಡಿಕೊಂಡು ರಸೀದಿ ಪಡೆಯಿರಿ. ಮರುಪಾವತಿಯಲ್ಲಿ ಪಾಲು ಕೇಳಿದರೆ ಒಪ್ಪಬೇಡಿ.

2. ಪೋರ್ಟಲ್‌ನಲ್ಲಿ ನಿಮ್ಮದೇ ಮೊಬೈಲ್ ಸಂಖ್ಯೆ, ನಿಮ್ಮದೇ ಇ-ಮೇಲ್ ಇರಲಿ. ಬೇರೆಯವರದಿದ್ದರೆ ಇಂದೇ ಬದಲಿಸಿ.

3. ಸಲ್ಲಿಸುವ ಮುನ್ನ ರಿಟರ್ನಿನ ಪ್ರತಿ ಪಡೆದು, ಪ್ರತಿಯೊಂದು ಕಡಿತದ ಎದುರು ದಾಖಲೆ ಇದೆಯೇ ಎಂದು ನೋಡಿ.

4. ಓ.ಟಿ.ಪಿ. ಹೇಳುವುದೂ ಸಹಿ ಮಾಡುವುದೂ ಒಂದೇ ಎಂದು ತಿಳಿಯಿರಿ.

5. ಖಾಲಿ ಚೆಕ್ಕನ್ನು ಯಾವ ಕಾರಣಕ್ಕೂ ಕೊಡಬೇಡಿ. ಸಾಲ ಅನಿವಾರ್ಯವಾದರೆ ಕೈಗೆ ಬಂದ ಮೊತ್ತ, ಬಡ್ಡಿ, ಅವಧಿ ಈ ಮೂರನ್ನೂ ಬರೆಸಿ ಪ್ರತಿ ಇಟ್ಟುಕೊಳ್ಳಿ.

ಸಾಲಗಾಮೆ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಪ್ರಾಮಾಣಿಕವಾಗಿ ದುಡಿಯುವ ತೆರಿಗೆ ಸಲಹೆಗಾರರು, ಲೆಕ್ಕಪರಿಶೋಧಕರು ಇದ್ದಾರೆ. ಅವರ ಕೆಲಸಕ್ಕೆ ತಕ್ಕ ಶುಲ್ಕ ಕೊಡುವುದು ವರ್ತಕನಿಗೆ ನಷ್ಟವಲ್ಲ. ರಿಟರ್ನ್ ಬರೆಯುವ ಕೈ, ಸಾಲ ಕೊಡುವ ಕೈ, ಮರುಪಾವತಿಯಲ್ಲಿ ಪಾಲು ಪಡೆಯುವ ಕೈ ಇವು ಒಂದೇ ಆಗದಂತೆ ನೋಡಿಕೊಂಡರೆ, ಬರಬೇಕಾದ ಹಣ ತುಸು ತಡವಾದರೂ ಬಡ್ಡಿಸಮೇತ ನಮ್ಮ ಖಾತೆಗೇ ಬಂದು ಸೇರುತ್ತದೆ.